ಚೀಲ ಎತ್ತುವ ಮೊದಲು

ಪಿಯುಸಿ ಫಲಿತಾಂಶ ಬಂದ ಮೇಲೆ ದಾವಣಗೆರೆಯ ನನ್ನ ಅನಿಮೇಷನ್ ತರಗತಿಗೆ ಬರುವ ತಂದೆತಾಯಿಗಳಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳುವುದು ಒಂದೇ ಪ್ರಶ್ನೆ: "ಸರ್, ಹುಡುಗನಿಗೆ ಯಾವ ಸಾಫ್ಟ್‌ವೇರ್ ಕಲಿಸಿದರೆ ಬೇಗ ಕೆಲಸ ಸಿಗುತ್ತೆ?" ಕಳೆದ ವರ್ಷ ಜಗಳೂರು ಕಡೆಯ ರೈತರೊಬ್ಬರು ಮೆಕ್ಕೆಜೋಳ ಮಾರಿದ ಹಣದಲ್ಲಿ ಮಗನಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಕೊಡಿಸಿ, ಆಮೇಲೆ ನನ್ನಲ್ಲಿಗೆ ಕರೆತಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಹಣ ಇನ್ನೊಂದು ವರ್ಷ ಅವರ ಕೈಯಲ್ಲೇ ಉಳಿಯಬಹುದಿತ್ತು ಎಂಬ ಸಂಕಟವಿದೆ. ಮೊದಲ ವರ್ಷದ ಕಲಿಕೆಗೆ ಸಾಧಾರಣ ಕಂಪ್ಯೂಟರ್, ಉಚಿತವಾಗಿ ಸಿಗುವ ಬ್ಲೆಂಡರ್ ಎಂಬ ಅನಿಮೇಷನ್ ಸಾಫ್ಟ್‌ವೇರ್, ಚಿತ್ರ ಬರೆಯಲು ಒಂದು ಪುಸ್ತಕ ಇದ್ದರೆ ಸಾಕು.

ಆ ಹುಡುಗ ಯೂಟ್ಯೂಬ್ ನೋಡಿ ಮಾಯಾ ಎಂಬ ಅನಿಮೇಷನ್ ಸಾಫ್ಟ್‌ವೇರ್ ಕಲಿತಿದ್ದ. ಮನುಷ್ಯನೊಬ್ಬ ಚೀಲ ಎತ್ತುವ ದೃಶ್ಯವನ್ನು ತೋರಿಸಿದ. ತಾಂತ್ರಿಕವಾಗಿ ತಪ್ಪು ಹುಡುಕುವಂತಿರಲಿಲ್ಲ, ಆದರೆ ಚೀಲ ಅರಳೆ ತುಂಬಿದ ದಿಂಬಿನಂತೆ ಮೇಲೆದ್ದಿತು. ಮರುದಿನ ಬೆಳಿಗ್ಗೆ ಅವನನ್ನು ಎಪಿಎಂಸಿ ಯಾರ್ಡಿಗೆ ಕರೆದೊಯ್ದು, ಹಮಾಲರನ್ನು ನೋಡುತ್ತಾ ಎರಡು ಗಂಟೆ ಕೂರಿಸಿದೆ. ಚೀಲಕ್ಕೆ ಕೈ ಹಾಕುವ ಮೊದಲೇ ಅವರ ಪಾದಗಳು ಅಗಲವಾಗುತ್ತವೆ, ಮೊಣಕಾಲು ಬಗ್ಗುತ್ತದೆ, ಸೊಂಟ ಚೀಲದ ಹತ್ತಿರಕ್ಕೆ ಸರಿಯುತ್ತದೆ. ಎಳೆದ ಮೊದಲ ಗಳಿಗೆಯಲ್ಲಿ ತೋಳು ಬಿಗಿಯಾಗುತ್ತದೆಯೇ ಹೊರತು ಚೀಲ ಅಲುಗುವುದಿಲ್ಲ. ಅದು ಬೆನ್ನಿಗೆ ಬಿದ್ದಾಗ ಮೈ ಒಮ್ಮೆ ಕುಗ್ಗಿ, ಆಮೇಲೆ ಹೆಜ್ಜೆ ಹಿಡಿಯುತ್ತದೆ. ಸಿನಿಮಾದ ಒಂದು ಸೆಕೆಂಡಿಗಿರುವ 24 ಫ್ರೇಮುಗಳಲ್ಲಿ, ಅಂದರೆ ಬಿಡಿ ಚಿತ್ರಗಳಲ್ಲಿ, ಇದನ್ನೆಲ್ಲ ಎಲ್ಲೆಲ್ಲಿ ಇಡಬೇಕೆಂದು ನಿರ್ಧರಿಸುವುದೇ ಅನಿಮೇಟರನ ಕೆಲಸ. ಆ ನಿರ್ಧಾರವನ್ನು ಕಲಾವಿದನ ಕಣ್ಣು ಮಾಡಬೇಕು; ಸಾಫ್ಟ್‌ವೇರ್ ಬದಲಾದರೆ ಬಟನ್‌ಗಳ ಜಾಗವಷ್ಟೇ ಬದಲಾಗುತ್ತದೆ.

ಇದು ಅನಿಮೇಷನ್‌ಗೆ ಸರಿ, ಚಿತ್ರೀಕರಿಸಿದ ದೃಶ್ಯವನ್ನು ಕಂಪ್ಯೂಟರಿನಲ್ಲಿ ಬದಲಿಸುವ ವಿಎಫ್‌ಎಕ್ಸ್‌ಗೆ ಬೇಕಿಲ್ಲ ಎಂದು ವಾದಿಸುವವರಿದ್ದಾರೆ. ಹೊಸಬರಿಗೆ ಸಾಮಾನ್ಯವಾಗಿ ಸಿಗುವ ರೋಟೋ ಕೆಲಸವನ್ನೇ ನೋಡೋಣ. ನಟನನ್ನು ಹಿನ್ನೆಲೆಯಿಂದ ಬೇರ್ಪಡಿಸಲು ಅವನ ಅಂಚನ್ನು ಗೆರೆಯಿಂದ ಸುತ್ತುವರಿಯಬೇಕು. ಐದು ಸೆಕೆಂಡಿನ ಶಾಟ್ ಎಂದರೆ 120 ಫ್ರೇಮು. ತಿಳಿಯದವನು ಇಡೀ ದೇಹಕ್ಕೆ ಒಂದೇ ಗೆರೆ ಎಳೆದು ಪ್ರತಿ ಫ್ರೇಮಿನಲ್ಲೂ ತಿದ್ದುತ್ತಾನೆ, ಅಂಚು ನಡುಗುತ್ತದೆ. ತಿಳಿದವನು ತೋಳು, ಮುಂಗೈ, ತಲೆ ಎಂದು ಬೇರೆ ಬೇರೆ ಆಕಾರ ಮಾಡಿ, ಕೈ ದಿಕ್ಕು ಬದಲಿಸುವ ಫ್ರೇಮುಗಳನ್ನು ಮೊದಲು ಹುಡುಕಿ ಅಲ್ಲಿ ಕೀ ಇಡುತ್ತಾನೆ, ಅಂದರೆ ಆ ಫ್ರೇಮಿನಲ್ಲಿ ಆಕಾರ ಹೇಗಿರಬೇಕೆಂದು ತಾನೇ ಗುರುತು ಮಾಡುತ್ತಾನೆ. ನಡುವಿನ ಬಹುಪಾಲು ಚಲನೆಯನ್ನು ಯಂತ್ರ ತುಂಬುತ್ತದೆ. ಬೆಂಗಳೂರಿನ ಸ್ಟುಡಿಯೊವೊಂದರಲ್ಲಿ ನನ್ನ ಮೊದಲ ಶಾಟ್ ಮೂರು ಬಾರಿ ವಾಪಸಾಗಿದ್ದು ಇದೇ ತಪ್ಪಿಗೆ. ದೇಹ ಎಲ್ಲಿ ಮಡಚುತ್ತದೆ ಎಂಬುದು ಚಿತ್ರ ಬರೆದವರಿಗೆ ಬೇಗ ಹೊಳೆಯುತ್ತದೆ. ನಮ್ಮ ಊರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿ ಈ ಕಡೆ ಬರುವವರನ್ನು ನಾನು ಸಂತೋಷದಿಂದ ಸೇರಿಸಿಕೊಳ್ಳುವುದು ಅದಕ್ಕಾಗಿಯೇ.

ಇಷ್ಟೆಲ್ಲ ಕಲಿತರೆ ಕೆಲಸ ಖಚಿತವೇ ಎಂದು ಕೇಳಿದರೆ ಹೌದು ಎನ್ನಲಾರೆ. 2023ರಲ್ಲಿ ಹಾಲಿವುಡ್‌ನ ಬರಹಗಾರರು ಮತ್ತು ನಟರು ಮುಷ್ಕರ ಹೂಡಿದಾಗ ಅಲ್ಲಿನ ಕೆಲಸವನ್ನು ನೆಚ್ಚಿಕೊಂಡ ಇಲ್ಲಿನ ಸ್ಟುಡಿಯೊಗಳಿಗೂ ಅದರ ಬಿಸಿ ತಟ್ಟಿತು. ಇಂತಿಷ್ಟು ತಿಂಗಳಲ್ಲಿ ಇಂತಿಷ್ಟು ಸಂಬಳ ಎಂದು ಬರೆದುಕೊಡುವವರ ಬಳಿ ಶುಲ್ಕ ಕಟ್ಟುವ ಮೊದಲು, ಅವರ ಹಳೆಯ ವಿದ್ಯಾರ್ಥಿಗಳ ಶೋರೀಲ್, ಅಂದರೆ ತಾವು ಮಾಡಿದ ಕೆಲಸದ ತುಣುಕುಗಳ ಕಿರು ವಿಡಿಯೊ, ತೋರಿಸಲು ದಯವಿಟ್ಟು ಕೇಳಿ. ಒಂದೇ ಪಾಠ ನೋಡಿ ಹತ್ತು ಮಂದಿ ಮಾಡಿದ ಒಂದೇ ಕಾರು, ಒಂದೇ ಸ್ಫೋಟ ಅದರಲ್ಲಿದ್ದರೆ ಸ್ಟುಡಿಯೊದವರು ಅರ್ಧ ನಿಮಿಷದಲ್ಲಿ ಗುರುತಿಸುತ್ತಾರೆ.

ಜಗಳೂರಿನ ಹುಡುಗ ಎರಡು ಪುಸ್ತಕ ತುಂಬ ಹಮಾಲರ ಚಿತ್ರ ಬರೆದು, ನಾಲ್ಕು ತಿಂಗಳ ನಂತರ ಅದೇ ದೃಶ್ಯವನ್ನು ಮತ್ತೆ ಮಾಡಿದ. ಅಂದು ತಂದೆಯೂ ಬಂದಿದ್ದರು. ಪರದೆಯ ಹತ್ತಿರ ಬಾಗಿ ಎರಡು ಬಾರಿ ನೋಡಿ, "ಐವತ್ತು ಕೆಜಿ ಚೀಲ ಇರಬೇಕು ಇದು" ಎಂದರು. ಸ್ವಲ್ಪ ತಡೆದು, "ಇಳಿಸೋವಾಗ ಮಾತ್ರ ಹಿಂಗೆ ಬಾಗಿದರೆ ಸೊಂಟ ಹಿಡ್ಕೊಂತದೆ, ಸರ್" ಎಂದು ಎದ್ದು ನಿಂತು ಇಳಿಸುವ ರೀತಿಯನ್ನು ತೋರಿಸಿದರು. ಮಗ ಮೊಬೈಲಿನಲ್ಲಿ ಅದನ್ನು ಚಿತ್ರೀಕರಿಸಿಕೊಂಡು, ಈಗ ಆ ಭಾಗವನ್ನು ತಿದ್ದುತ್ತಿದ್ದಾನೆ.