ಮೂಳೆ ಟೊಳ್ಳಾದವರ ಬೆನ್ನು ನೆಟ್ಟಗೆ ಮಾಡೋ ಆಪರೇಷನ್: ಮೊದಲು ಇಂಜೆಕ್ಷನ್ ಯಾಕೆ?

ಪ್ರಶ್ನೆ: ಅಮ್ಮನಿಗೆ 67. ಬೆನ್ನು ಬಾಗಿ ಒಂದು ಕಡೆ ವಾಲಿದೆ, ಹತ್ತು ನಿಮಿಷ ನಿಂತು ಅಡುಗೆ ಮಾಡೋಕೂ ಆಗ್ತಿಲ್ಲ. ಆಪರೇಷನ್ ಮಾಡಬಹುದು, ಆದರೆ ಮೂಳೆ ತುಂಬಾ ವೀಕ್, ಕೆಲವು ತಿಂಗಳು ಇಂಜೆಕ್ಷನ್ ತಗೊಳ್ಳಲಿ ಅಂದರು ಡಾಕ್ಟರು. ಇಷ್ಟು ನೋವಿರುವಾಗ ಕಾಯೋದು ಯಾಕೆ?

ಉತ್ತರ: ನಿಮ್ಮ ಡಾಕ್ಟರು ಸರಿಯಾಗೇ ಹೇಳಿದ್ದಾರೆ. ಆಪರೇಷನ್ ಆ ಇಂಜೆಕ್ಷನ್ನಿಂದಲೇ ಶುರುವಾಯ್ತು ಅಂದುಕೊಳ್ಳಿ.

ಹಳೇ ಮಣ್ಣಿನ ಗೋಡೆಗೆ ಮೊಳೆ ಹೊಡೆದು ಭಾರದ ಫೋಟೋ ತೂಗುಹಾಕಿದರೆ ಏನಾಗುತ್ತೆ ನೋಡಿದ್ದೀರಲ್ವಾ? ಮೊದಲ ದಿನ ಗಟ್ಟಿ. ಆಮೇಲೆ ಮೊಳೆ ಸುತ್ತ ಮಣ್ಣು ಉದುರಿ, ತೂತು ಅಗಲವಾಗಿ, ಒಂದು ದಿನ ಮೊಳೆ ಸಮೇತ ಫೋಟೋ ಕೆಳಗೆ. ಈ ಆಪರೇಷನ್ನಿನಲ್ಲಿ ಬೆನ್ನಿನ ಮೂಳೆಗಳಿಗೆ ಎರಡೂ ಬದಿಯಿಂದ ಸ್ಕ್ರೂ ಹಾಕಿ, ಎರಡು ರಾಡ್ ಜೋಡಿಸಿ, ಬಾಗಿದ್ದನ್ನು ಎಳೆದು ಕೂರಿಸುತ್ತಾರೆ. ಆ ಎಳೆತವನ್ನೆಲ್ಲ ತಡೆಯಬೇಕಾದ್ದು ಸ್ಕ್ರೂ ಸುತ್ತಲಿನ ಮೂಳೆ. ಹೀಗೆ ಕೂರಿಸಿದ ಮೂಳೆಗಳು ಒಂದಕ್ಕೊಂದು ಬೆಸೆದು ಒಂದಾಗೋಕೆ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಅಲ್ಲಿತನಕ ಸ್ಕ್ರೂ ಅಲುಗಬಾರದು.

ಇನ್ನೊಂದು ಅಪಾಯದ ಬಗ್ಗೆ ಮನೆಯವರಿಗೆ ಯಾರೂ ಬಿಡಿಸಿ ಹೇಳೋದಿಲ್ಲ. ರಾಡ್ ಹಾಕಿದ ಭಾಗ ಕಂಬದ ಹಾಗೆ ಬಿಗಿಯಾಗುತ್ತೆ, ಅದರ ಮೇಲಿನ ಮೂಳೆ ಮಾತ್ರ ಹಳೇ ಟೊಳ್ಳು ಮೂಳೆಯೇ. ಭಾರವೆಲ್ಲ ಅಲ್ಲಿಗೆ ಬಿದ್ದು ಅದು ಕುಸಿದರೆ ಬೆನ್ನು ರಾಡಿನ ಮೇಲ್ತುದಿಯಲ್ಲೇ ಮತ್ತೆ ಮುಂದಕ್ಕೆ ಬಾಗುತ್ತೆ, ಎರಡನೇ ಆಪರೇಷನ್ನೂ ಬೇಕಾಗಬಹುದು.

ಅಮ್ಮನ ಡೆಕ್ಸಾ (ಮೂಳೆ ಎಷ್ಟು ಗಟ್ಟಿ ಅಂತ ಅಳೆಯೋ ಸ್ಕ್ಯಾನ್) ರಿಪೋರ್ಟ್ ತೆಗೆದು ಟಿ-ಸ್ಕೋರ್ ನೋಡಿ, ಅಂದರೆ ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡೋ ಅಂಕಿ. -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಅಂತ ಅರ್ಥ. ಬೆನ್ನಿನ ಅಂಕಿ ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ, ಸವೆದ ಬೆನ್ನಿನಲ್ಲಿ ಅಂಚಿಗೆ ಮುಳ್ಳಿನ ಹಾಗೆ ಬೆಳೆದ ಮೂಳೆಯೂ ಲೆಕ್ಕಕ್ಕೆ ಸೇರಿ ಅಂಕಿ ಸುಳ್ಳೇ ಮೇಲೇರಿರುತ್ತೆ. ತೊಡೆಮೂಳೆಯ ಮೇಲ್ತುದಿಯ ಅಂಕಿ ನೋಡಿ.

ಇಂಜೆಕ್ಷನ್ ಹೆಚ್ಚಾಗಿ ಟೆರಿಪಾರಟೈಡ್ ಇರುತ್ತೆ. ಮೂಳೆ ಕರಗೋದನ್ನು ತಡೆಯೋ ಔಷಧಿಗಳು ಬೇರೆ, ಇದು ಹೊಸ ಮೂಳೆ ಕಟ್ಟಿಸುತ್ತೆ. ಪೆನ್ನಿನಂಥ ಸಾಧನ, ಫ್ರಿಡ್ಜಿನಲ್ಲಿ ಇಡಬೇಕು, ದಿನಕ್ಕೊಮ್ಮೆ 20 ಮೈಕ್ರೋಗ್ರಾಂ, ತೊಡೆಗೋ ಹೊಟ್ಟೆಗೋ ಮನೆಯಲ್ಲೇ ಚುಚ್ಚಿಕೊಳ್ಳಬಹುದು. ಮೊದಲ ಕೆಲವು ದಿನ ತಲೆ ಸುತ್ತಬಹುದು, ಅಮ್ಮನನ್ನು ಕೂರಿಸಿ ಕೊಡಿ. ಸಾಮಾನ್ಯವಾಗಿ ಆಪರೇಷನ್ನಿಗೆ ಎರಡು ಮೂರು ತಿಂಗಳಾದರೂ ಮೊದಲು ಶುರುಮಾಡಿ, ಆಮೇಲೂ ಮುಂದುವರಿಸುತ್ತಾರೆ. ಹಿಂದೆ ಕ್ಯಾನ್ಸರಿಗೆ ರೇಡಿಯೇಷನ್ ಆಗಿದ್ದರೆ ಡಾಕ್ಟರಿಗೆ ಈಗಲೇ ಹೇಳಿ, ಅಂಥವರಿಗೆ ಇದನ್ನು ಕೊಡೋದಿಲ್ಲ. ವಿಟಮಿನ್ ಡಿ ಕಮ್ಮಿಯಿದ್ದರೆ ಅದನ್ನೂ ಸರಿಮಾಡಬೇಕು. ಅಮ್ಮ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರಾ? ಬಿಡಿಸಿ, ದಯವಿಟ್ಟು. ನಿಕೋಟಿನ್ ಮೂಳೆ ಬೆಸೆಯೋದಕ್ಕೇ ಅಡ್ಡಿ.

ಇಷ್ಟಾದರೂ ಮೂಳೆ ಮೆದುವಾಗೇ ಇದ್ದರೆ ಸ್ಕ್ರೂ ಸುತ್ತ ಬೋನ್ ಸಿಮೆಂಟ್ ತುಂಬಿಸೋ ದಾರಿ ಇದೆ. ಹಿಡಿತ ಹೆಚ್ಚುತ್ತೆ, ನಿಜ. ಆದರೆ ಸಿಮೆಂಟ್ ಸೋರಿ ನರದ ಹತ್ತಿರಕ್ಕೋ, ರಕ್ತನಾಳದ ಮೂಲಕ ಶ್ವಾಸಕೋಶಕ್ಕೋ ಹೋಗೋ ಅಪಾಯವೂ ಇದೆ, ಅದಕ್ಕೇ ಬೇಕಾದ ಕಡೆ ಮಾತ್ರ, ಲೆಕ್ಕ ಹಾಕಿ ಹಾಕುತ್ತಾರೆ.

ಒಂದೇ ಒಂದು ವಿಷಯದಲ್ಲಿ ಕಾಯಬೇಡಿ. ಕಾಲಿನ ಶಕ್ತಿ ಕಮ್ಮಿಯಾಗ್ತಾ ಹೋದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಇಂಜೆಕ್ಷನ್ ಕೋರ್ಸ್ ಎಲ್ಲೇ ಇರಲಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.