ಹಳೆಯ ಬೇಸ್‌ಬಾಲ್ ಪೆನ್ನಂಟ್: ಕಾಲ ಗುರುತಿಸುವುದು ಹೇಗೆ?

ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಮೈದಾನದಲ್ಲಿ ಕೊಂಡು ಮನೆಯ ಗೋಡೆಗೆ ಹಚ್ಚುತ್ತಿದ್ದ ಉದ್ದನೆಯ ತ್ರಿಕೋನ ಬಾವುಟವೇ ಪೆನ್ನಂಟ್. ದೊಡ್ಡ ಅಳತೆಯದು ಸುಮಾರು 12 ಇಂಚು ಅಗಲ, 30 ಇಂಚು ಉದ್ದ. ಎಷ್ಟೋ ಪೆನ್ನಂಟ್‌ಗಳ ಮೇಲೆ ಇಸವಿಯೇ ಇರುವುದಿಲ್ಲ. ಹಾಗಾಗಿ ಮೊದಲು ಕಾಲ ಗುರುತಿಸಲು ಕಲಿಯೋಣ. ಬೆಲೆಯ ಮಾತು ಆಮೇಲೆ.

ಮೊದಲು ಊರಿನ ಹೆಸರು ನೋಡಿ. ಅಲ್ಲಿ ತಂಡಗಳು ಊರು ಬದಲಿಸುತ್ತವೆ, ಅದೇ ನಮಗೆ ಪಂಚಾಂಗ. ಬ್ರೇವ್ಸ್ ತಂಡ 1952ರವರೆಗೆ ಬಾಸ್ಟನ್‌ನಲ್ಲಿತ್ತು. 1953ರಿಂದ 1965ರವರೆಗೆ ಮಿಲ್ವಾಕೀ, 1966ರಿಂದ ಅಟ್ಲಾಂಟಾ. ‘ಮಿಲ್ವಾಕೀ ಬ್ರೇವ್ಸ್’ ಎಂದಿದ್ದರೆ ಹುಡುಕಾಟ ಹದಿಮೂರು ವರ್ಷಕ್ಕೆ ಇಳಿಯಿತು ಅಲ್ವಾ? ಸಿಯಾಟಲ್ ಪೈಲಟ್ಸ್ ಆಡಿದ್ದಂತೂ 1969ರ ಒಂದೇ ಸೀಸನ್. ದಿವಾಳಿಯಾಗಿ ಮರುವರ್ಷವೇ ಮಿಲ್ವಾಕೀ ಬ್ರೂವರ್ಸ್ ಆಯಿತು. ನನಗೆ ತುಂಬಾ ಇಷ್ಟವಾದ ಪೆನ್ನಂಟ್ ಅದು.

ಆದರೆ ಹೆಸರನ್ನಷ್ಟೇ ನಂಬಬೇಡಿ. ಡಾಡ್ಜರ್ಸ್ ತಂಡ 1957ರ ಸೀಸನ್ ಮುಗಿಸಿ ಬ್ರೂಕ್ಲಿನ್‌ನಿಂದ ಲಾಸ್ ಏಂಜಲೀಸ್‌ಗೆ ಹೋಯಿತು. ಆದರೂ ‘ಬ್ರೂಕ್ಲಿನ್ ಡಾಡ್ಜರ್ಸ್’ ಹೆಸರಿನ ಹೊಸ ಪೆನ್ನಂಟ್‌ಗಳು ಆಮೇಲೂ ತಯಾರಾಗಿವೆ. ಬ್ಯಾಟರ್‌ನ ಬಿಳಿ ನೆರಳಾಕೃತಿ ಇರುವ ಮೇಜರ್ ಲೀಗ್ (ಅಲ್ಲಿನ ಅತಿ ದೊಡ್ಡ ಬೇಸ್‌ಬಾಲ್ ಲೀಗ್) ಲೋಗೊ ಬಂದದ್ದು 1969ರಲ್ಲಿ. ಬ್ರೂಕ್ಲಿನ್ ಪೆನ್ನಂಟ್ ಮೇಲೆ ಆ ಲೋಗೊ ಕಂಡರೆ ಅದು ಆ ಕಾಲದ್ದಲ್ಲ, ಖಂಡಿತ.

ಆಮೇಲೆ ಬಟ್ಟೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ದಪ್ಪ ಉಣ್ಣೆಯ ಫೆಲ್ಟ್ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ಮೇಲೆ ಅಕ್ಷರಗಳನ್ನು ಕತ್ತರಿಸಿ ಹೊಲಿಯುತ್ತಿದ್ದರು. ಮುಂದೆ ಸ್ಕ್ರೀನ್ ಪ್ರಿಂಟ್ ಜಾಸ್ತಿಯಾಯಿತು, ಕೊನೆಗೆ ಉಣ್ಣೆಯ ಜಾಗಕ್ಕೆ ಸಿಂಥೆಟಿಕ್ ಬಂತು. ಹಳೆಯ ಮುದ್ರಣದ ಬಣ್ಣ ಗಟ್ಟಿಯಾಗಿ ಕೂತಿರುತ್ತದೆ, ಹತ್ತಿರದಿಂದ ನೋಡಿದರೆ ಸಣ್ಣ ಬಿರುಕುಗಳು ಕಾಣುತ್ತವೆ.

ಕೊಳ್ಳುವ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ. ಅಗಲದ ಅಂಚಿನಲ್ಲಿ ಹೊಲಿದ ಪಟ್ಟಿಗೆ ಜೋತುಬಿದ್ದ ಎಳೆಗಳನ್ನು ಮೆಲ್ಲಗೆ ಎತ್ತಿ. ಅವುಗಳ ಅಡಿಯ ಬಟ್ಟೆಗೆ ಬಿಸಿಲು ತಾಗಿರುವುದಿಲ್ಲ. ಅಲ್ಲಿ ಕಡು ನೀಲಿ, ಉಳಿದ ಕಡೆ ಬೂದು ನೀಲಿ ಇದ್ದರೆ ಎಷ್ಟು ಮಾಸಿದೆ ಎಂದು ತಕ್ಷಣ ತಿಳಿಯುತ್ತದೆ. ಮೂಲೆಯ ಪಿನ್ನಿನ ತೂತುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಗೋಡೆಯ ಮೇಲಿದ್ದ ವಸ್ತುವಿಗೆ ಅವು ಸಹಜ. ಮುಂದಿನ ಚೂಪು ತುದಿ ಹರಿದಿದ್ದರೆ ಮಾತ್ರ ಯೋಚಿಸಿ.

ಮನೆಗೆ ತಂದ ಮೇಲೆ ತೊಳೆಯಬೇಡಿ. ಉಣ್ಣೆ ಕುಗ್ಗುತ್ತದೆ, ಬಣ್ಣ ಹರಡುತ್ತದೆ. ಮಡಿಸದೆ, ಆಮ್ಲರಹಿತ ಹಾಳೆಯ ಮೇಲೆ ಚಪ್ಪಟೆಯಾಗಿ, ಬೆಳಕು ಬೀಳದ ಕಡೆ ಇಡಿ. ನುಸಿ ಹಿಡಿದಿದೆಯೇ ಎಂದು ಆಗಾಗ ಹಿಂಬದಿ ತಿರುಗಿಸಿ ನೋಡುತ್ತಿರಿ.