ಹಳೆ ಪೇಪರ್ ಉರು ಹೊಡೆದರೆ ಜೆಟಿಒ ಆಗಬಹುದಾ ಸರ್?

ಪ್ರಶ್ನೆ: ಸರ್, ನಾನು ಇ ಅಂಡ್ ಸಿಯಲ್ಲಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಬಿ.ಇ. ಮುಗಿಸಿದ್ದೇನೆ. ಬಿಎಸ್‌ಎನ್‌ಎಲ್‌ನಲ್ಲಿ ಜೆಟಿಒ, ಅಂದರೆ ಜೂನಿಯರ್ ಟೆಲಿಕಾಂ ಆಫೀಸರ್ ಆಗಬೇಕು ಅಂತ ಆಸೆ. ನನ್ನ ಹತ್ತಿರ ಹತ್ತು ವರ್ಷದ ಹಳೆ ಪ್ರಶ್ನೆಪತ್ರಿಕೆ ಇದೆ, ಒಂದು ದಪ್ಪ ಆಬ್ಜೆಕ್ಟಿವ್ ಪುಸ್ತಕವೂ ಇದೆ. ಅದರ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿದರೆ ಸಾಕು, ಪ್ರಶ್ನೆಗಳು ರಿಪೀಟ್ ಆಗುತ್ತವೆ ಅಂತ ಸೀನಿಯರ್ಸ್ ಹೇಳ್ತಾರೆ. ನಿಜಾನಾ?

ಉತ್ತರ: ಸಾಕಾಗಲ್ಲಪ್ಪ.

ಇಷ್ಟು ಹೇಳಿ ಮುಗಿಸೋಣ ಅನ್ನಿಸುತ್ತದೆ. ಏಕೆಂದರೆ ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೆ ಅನ್ನೋದು ನನಗೇ ಲೆಕ್ಕವಿಲ್ಲ. ಕೇಳುವವರ ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಆದರೂ ಕೇಳಿದ್ದೀರಿ, ಇನ್ನೊಂದು ಸಲ ಹೇಳುತ್ತೇನೆ.

ಮೊದಲು ಒಂದು ಮಾತು. ನೀವು ಯಾವ ಪರೀಕ್ಷೆಗೆ ಓದುತ್ತಿದ್ದೀರಿ? ಸೀನಿಯರ್ಸ್ ಹೇಳುವ ಜೆಟಿಒ ಪರೀಕ್ಷೆ ಬಿಎಸ್‌ಎನ್‌ಎಲ್ ತಾನೇ ನಡೆಸುತ್ತಿದ್ದ ಕಾಲದ್ದು. ಮೂರು ಗಂಟೆಗೆ 120 ಪ್ರಶ್ನೆ. ಅದರಲ್ಲಿ 100 ಎಂಜಿನಿಯರಿಂಗ್, 20 ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಅಷ್ಟು ಹೊತ್ತಿನಲ್ಲಿ ದೊಡ್ಡ ಲೆಕ್ಕ ಕೊಡೋಕಾಗಲ್ಲ. ಹಾಗಾಗಿ ನೇರ ಪ್ರಶ್ನೆಗಳು ಜಾಸ್ತಿ ಇರುತ್ತಿದ್ದವು. ರಿಪೀಟ್ ಕಥೆ ಹುಟ್ಟಿದ್ದು ಅಲ್ಲಿ. ಆದರೆ 2017ರಲ್ಲಿ 2,510 ಜೆಟಿಒ ಹುದ್ದೆ ಕರೆದಾಗ ಬಿಎಸ್‌ಎನ್‌ಎಲ್ ಬೇರೆ ಪರೀಕ್ಷೆ ಇಡಲಿಲ್ಲ, ಎಂಜಿನಿಯರಿಂಗ್ ಓದಿದವರಿಗಾಗಿ ದೇಶಮಟ್ಟದಲ್ಲಿ ನಡೆಯುವ ಗೇಟ್ ಪರೀಕ್ಷೆಯ ಅಂಕವನ್ನೇ ಕೇಳಿತು. ಮುಂದಿನ ಸಲ ಹೇಗೆ ಅನ್ನೋದಕ್ಕೆ ಬಿಎಸ್‌ಎನ್‌ಎಲ್ ವೆಬ್‌ಸೈಟಿನ ನೋಟಿಫಿಕೇಶನ್ನೇ ಸಾಕ್ಷಿ, ವಾಟ್ಸಾಪ್‌ನಲ್ಲಿ ಬರುವ ಪಿಡಿಎಫ್ ಅಲ್ಲ. ಇದಲ್ಲದೆ ಯುಪಿಎಸ್‌ಸಿ ನಡೆಸುವ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಇದೆ. ಇಂಡಿಯನ್ ಟೆಲಿಕಮ್ಯುನಿಕೇಶನ್ ಸರ್ವಿಸ್‌ಗೆ ದಾರಿ ಅದು.

ಈಗ ಉರು ಹೊಡೆಯುವ ವಿಷಯಕ್ಕೆ ಬರೋಣ. ಗೇಟ್‌ನಲ್ಲಿ 65 ಪ್ರಶ್ನೆ, 100 ಅಂಕ. ಅದರಲ್ಲಿ ಒಂದಷ್ಟಕ್ಕೆ ಆಯ್ಕೆಗಳೇ ಇರೋದಿಲ್ಲ. ಖಾಲಿ ಬಾಕ್ಸ್ ಇರುತ್ತದೆ, ಬಂದ ಸಂಖ್ಯೆಯನ್ನು ನೀವೇ ಒತ್ತಬೇಕು. ಎ, ಬಿ, ಸಿ, ಡಿ ಅಂತ ಗುರುತು ಹಿಡಿಯೋದಕ್ಕೆ ಅಲ್ಲಿ ಏನೂ ಇಲ್ಲ. ಯುಪಿಎಸ್‌ಸಿಯಲ್ಲಿ ಒಟ್ಟು 1,300 ಅಂಕ. ಪ್ರಿಲಿಮ್ಸ್‌ಗೆ 500, ಸಂದರ್ಶನಕ್ಕೆ 200, ಉಳಿದ 600 ಪೆನ್ನು ಹಿಡಿದು ಬರೆಯುವ ಮೇನ್ಸ್‌ಗೆ. ಆಬ್ಜೆಕ್ಟಿವ್ ಪುಸ್ತಕದ ಉತ್ತರ ನೆನಪಿಟ್ಟುಕೊಂಡು ಮೇನ್ಸ್‌ನಲ್ಲಿ ಏನು ಬರೀತೀರಿ? "ಉತ್ತರ: ಬಿ" ಅಂತಲಾ?

ಇಷ್ಟು ಹೇಳಿದರೂ ನಂಬದವರಿದ್ದಾರೆ. ಒಬ್ಬ ಹುಡುಗ ನನ್ನ ಹತ್ತಿರ ಬಂದಿದ್ದ. ಜಾಣ. ಜೆರಾಕ್ಸ್ ಮಾಡಿಸಿದ ಕ್ವೆಶ್ಚನ್ ಬ್ಯಾಂಕ್ ಪೂರ್ತಿ ಮುಗಿಸಿದ್ದ. ಹಲವರ ಫೋನ್ ಮಾತನ್ನು ಸರದಿಯಂತೆ ಒಂದೇ ದಾರಿಯಲ್ಲಿ ಕಳಿಸುವ ಡಿಜಿಟಲ್ ಲಿಂಕಿಗೆ ಇ1 ಅನ್ನುತ್ತಾರೆ, ಒಂದೊಂದು ಸರದಿಗೆ ಟೈಮ್‌ಸ್ಲಾಟ್. ನಾನು ಕೇಳಿದೆ, "ಇ1 ಲಿಂಕಿನ ಬಿಟ್ ರೇಟ್ ಎಷ್ಟು?" ಬಾಯಿ ಮುಚ್ಚುವ ಮೊದಲೇ "2.048 ಎಂಬಿಪಿಎಸ್ ಸರ್" ಅಂದ. ಭೇಷ್. "ಅದರಲ್ಲಿ ಒಂದು ಟೈಮ್‌ಸ್ಲಾಟ್ ಎಷ್ಟು ಹೊತ್ತು ಇರುತ್ತೆ?" ಸುಮ್ಮನಾದ. "ಅದು ಬುಕ್‌ನಲ್ಲಿ ಇರಲಿಲ್ಲ ಸರ್" ಅಂದ.

ಇರಬೇಕಾಗಿಯೇ ಇಲ್ಲ! ಅದೇ ನಾನು ಹೇಳೋದು. ಒಂದು ಹಾಳೆ ತೆಗೆದುಕೊಳ್ಳಿ, ನನ್ನ ಜೊತೆ ಬರೆಯಿರಿ.

ಫೋನಿನಲ್ಲಿ ನಾವು ಮಾತಾಡುವ ದನಿಯನ್ನು 300ರಿಂದ 3,400 ಹರ್ಟ್ಸ್ ಒಳಗೆ ಕತ್ತರಿಸುತ್ತಾರೆ. ಸ್ವಲ್ಪ ಜಾಗ ಬಿಟ್ಟು 4,000 ಅಂತ ಇಟ್ಟುಕೊಳ್ಳಿ. ನೈಕ್ವಿಸ್ಟ್ ಅನ್ನುವ ಎಂಜಿನಿಯರ್ ಹೇಳಿದ ಹಾಗೆ ದನಿಯನ್ನು ಅದರ ಎರಡರಷ್ಟು ಸಲ ಅಳೆಯಬೇಕು, ಅಂದರೆ ಸೆಕೆಂಡಿಗೆ 8,000 ಸ್ಯಾಂಪಲ್. ಒಂದೊಂದು ಸ್ಯಾಂಪಲ್‌ಗೆ 8 ಬಿಟ್. ಒಬ್ಬರ ಮಾತಿಗೆ 64 ಕೆಬಿಪಿಎಸ್ ಆಯಿತು. 8,000 ಸ್ಯಾಂಪಲ್ ಅಂದರೆ ಒಂದರಿಂದ ಇನ್ನೊಂದಕ್ಕೆ 125 ಮೈಕ್ರೊಸೆಕೆಂಡ್. ಇದೇ ಒಂದು ಫ್ರೇಮ್. ಈ ಫ್ರೇಮಿನಲ್ಲಿ 32 ಟೈಮ್‌ಸ್ಲಾಟ್‌ಗಳನ್ನು ಸಾಲಾಗಿ ಕೂರಿಸುತ್ತಾರೆ. 125ನ್ನು 32ರಿಂದ ಭಾಗಿಸಿ, 3.9 ಮೈಕ್ರೊಸೆಕೆಂಡ್. ಆ ಹುಡುಗನಿಗೆ ಬೇಕಿದ್ದ ಉತ್ತರ ಇದು. ಇನ್ನೂ 8ರಿಂದ ಭಾಗಿಸಿದರೆ ಒಂದು ಬಿಟ್‌ನ ಅವಧಿ, ಸುಮಾರು 488 ನ್ಯಾನೊಸೆಕೆಂಡ್. 32ನ್ನು 64ರಿಂದ ಗುಣಿಸಿ, ಅದೇ ನಿಮ್ಮ 2,048. ಸೊನ್ನೆಯ ಸ್ಲಾಟ್ ಸಿಂಕ್‌ಗೆ, ಅಂದರೆ ಫ್ರೇಮ್ ಎಲ್ಲಿ ಶುರು ಅಂತ ಗುರುತಿಸೋದಕ್ಕೆ. ಹದಿನಾರನೆಯದು ಕರೆ ಜೋಡಿಸುವ, ಮುಗಿಸುವ ಸಿಗ್ನಲಿಂಗ್‌ಗೆ. ಮಾತಿಗೆ ಉಳಿದದ್ದು 30. ಹದಿನಾರು ಫ್ರೇಮ್ ಸೇರಿದರೆ ಒಂದು ಮಲ್ಟಿಫ್ರೇಮ್, 2 ಮಿಲಿಸೆಕೆಂಡ್.

ಎಷ್ಟು ಪ್ರಶ್ನೆ ಆಯಿತು, ಎಣಿಸಿದಿರಾ? ನೆನಪಿಟ್ಟುಕೊಂಡದ್ದು 8,000, 8, 32 ಮತ್ತು 16 ಮಾತ್ರ. ಪ್ರಶ್ನೆ ತೆಗೆಯುವವರು ಬುದ್ಧಿವಂತಿಕೆ ತೋರಿಸಿ ಅಮೆರಿಕದ ಟಿ1 ಕೊಟ್ಟರು ಅಂದುಕೊಳ್ಳಿ. 24 ಚಾನೆಲ್, ತಲಾ 8 ಬಿಟ್, ಫ್ರೇಮಿಗೊಂದು ಹೆಚ್ಚುವರಿ ಬಿಟ್. ಒಟ್ಟು 193. ಇಂಟು 8,000. 1.544 ಎಂಬಿಪಿಎಸ್. ಉರು ಹೊಡೆದವನು ಇಲ್ಲಿ 2.048 ಆಯ್ಕೆ ಕಂಡ ತಕ್ಷಣ ಟಿಕ್ ಹಾಕಿ ಬರುತ್ತಾನೆ. ಆ ಆಯ್ಕೆ ಇಟ್ಟಿರೋದೇ ಅವನಿಗಾಗಿ.

ಅಂದಹಾಗೆ, ಇದೇ ಡಿಜಿಟಲ್ ಲೆಕ್ಕದ ಮೇಲೆ ನಡೆಯುತ್ತಿದ್ದ ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. 128 ಪೋರ್ಟಿನದು, ಎಸಿ ಕೂಡ ಬೇಕಿರಲಿಲ್ಲ. ಸಾಮಾನ್ಯ ಜ್ಞಾನಕ್ಕೆ ಇಟ್ಟುಕೊಳ್ಳಿ.

ಹಾಗಾದರೆ ಹಳೆ ಪೇಪರ್ ರದ್ದಿಗೆ ಹಾಕೋದಾ? ಬೇಡ. ಅದು ಉಪಯೋಗಕ್ಕೆ ಬರುತ್ತದೆ, ಆದರೆ ಪಾಠ ಓದಿದ ಮೇಲೆ. ಒಂದು ಪ್ರಶ್ನೆ ಬಿಡಿಸಿ. ಸರಿ ಬಂತಾ? ಈಗ ಅದರಲ್ಲಿನ ಸಂಖ್ಯೆ ಬದಲಾಯಿಸಿ ಮತ್ತೆ ಬಿಡಿಸಿ. ಕೊಟ್ಟದ್ದನ್ನು ಕೇಳಿದ್ದಾಗಿ, ಕೇಳಿದ್ದನ್ನು ಕೊಟ್ಟದ್ದಾಗಿ ತಿರುಗಿಸಿ. ಆಗಲೂ ಬಂದರೆ ಆ ಪಾಠ ನಿಮ್ಮದು. ಪಾಸಿಂಗ್ ಪ್ಯಾಕೇಜ್ ಓದಿ ಸೆಮಿಸ್ಟರ್ ದಾಟಿದ ಅಭ್ಯಾಸ ನಮ್ಮ ಹುಡುಗರಿಗೆ ಅಂಟಿಕೊಂಡಿದೆ, ಅದನ್ನು ಬಿಡಿಸೋದೇ ಕಷ್ಟ. ಸೆಮಿಸ್ಟರ್‌ನಲ್ಲಿ ಪಾಸಾದರೆ ಸಾಕಿತ್ತು. ಇಲ್ಲಿ ಪಕ್ಕದವನಿಗಿಂತ ಮುಂದೆ ಹೋಗಬೇಕು.

ಯಾವ ಪಾಠ ಮೊದಲು ಅಂತ ಕೇಳುತ್ತೀರಿ. ನೆಟ್‌ವರ್ಕ್ಸ್, ಸಿಗ್ನಲ್ಸ್, ಡಿಜಿಟಲ್, ಆಮೇಲೆ ಅನಲಾಗ್, ಕಂಟ್ರೋಲ್, ಕಮ್ಯುನಿಕೇಶನ್. ಎಲೆಕ್ಟ್ರೊಮ್ಯಾಗ್ನೆಟಿಕ್ಸ್ ಕೊನೆಗೆ, ಆದರೆ ಬಿಡಬೇಡಿ. ಗೇಟ್‌ಗಾದರೆ ಗಣಿತಕ್ಕೆ 13, ಜನರಲ್ ಆಪ್ಟಿಟ್ಯೂಡ್‌ಗೆ 15 ಅಂಕ ಇದೆ. ಈ 28ನ್ನು ತುಂಬ ಜನ ಸುಮ್ನೆ ಬಿಟ್ಟುಕೊಡುತ್ತಾರೆ. ಕ್ಯಾಲ್ಕುಲೇಟರ್ ವಿಷಯ: ಗೇಟ್‌ನಲ್ಲಿ ಸ್ಕ್ರೀನ್ ಮೇಲೆ ಕೊಡುತ್ತಾರೆ, ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ ಇಲ್ಲ. ಲಾಗ್ 2 ಅಂದರೆ 0.301 ಅನ್ನೋದು ನಾಲಿಗೆ ತುದಿಯಲ್ಲಿರಲಿ. ಅದೊಂದನ್ನು ಉರು ಹೊಡೆಯಿರಿ, ಬೇಡ ಅನ್ನಲ್ಲ.

ನೆಗೆಟಿವ್ ಅಂಕದ ಭಯ ಇನ್ನೊಂದು. ನಾಲ್ಕು ಆಯ್ಕೆ, ತಪ್ಪಿಗೆ ಮೂರನೇ ಒಂದು ಕಡಿತ. ಕಣ್ಣು ಮುಚ್ಚಿ ಟಿಕ್ ಹಾಕಿದರೆ ಸರಾಸರಿ ಲಾಭ ಸೊನ್ನೆ, ನಷ್ಟವೂ ಸೊನ್ನೆ. ಎರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಾದರೆ ಉಳಿದ ಎರಡರಲ್ಲಿ ಒಂದನ್ನು ಹಾಕಿ. ಸರಾಸರಿಯಲ್ಲಿ ಆ ಪ್ರಶ್ನೆಯ ಮೂರನೇ ಒಂದು ಪಾಲು ಅಂಕ ನಿಮ್ಮ ಕಡೆ. ಬಿಟ್ಟು ಬಂದರೆ ನಷ್ಟ ನಿಮ್ಮದೇ.

ಇನ್ನು ನೀವು ಕೇಳದ ಪ್ರಶ್ನೆ ಒಂದಿದೆ, ನಾನೇ ಕೇಳುತ್ತೇನೆ. ಸಂದರ್ಶನಕ್ಕೆ ಅಣಕು ಅಭ್ಯಾಸ ಮಾಡಿಸುವಾಗ ನಾನು ತಪ್ಪದೆ ಕೇಳುವುದು: ಎಕ್ಸ್‌ಚೇಂಜ್‌ನ ಬ್ಯಾಟರಿ ಮೈನಸ್ 48 ವೋಲ್ಟ್ ಯಾಕೆ? 48 ಸರಿ, 2 ವೋಲ್ಟಿನ 24 ಸೆಲ್. ಆದರೆ ಮೈನಸ್ ಯಾಕೆ? ಇ ಅಂಡ್ ಸಿಯಲ್ಲಿ ಡಿಸ್ಟಿಂಕ್ಷನ್ ತೆಗೆದವರೂ ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ.

ಭೂಮಿಯೊಳಗೆ ಹೂತ ತಾಮ್ರದ ಕೇಬಲ್ ನೆನಪು ಮಾಡಿಕೊಳ್ಳಿ. ಮಳೆಗಾಲದಲ್ಲಿ ಕವಚದೊಳಗೆ ಹೇಗೋ ನೀರು ಇಳಿಯುತ್ತದೆ. ತಂತಿ ಪ್ಲಸ್ ಆಗಿದ್ದರೆ ಕರೆಂಟ್ ತಂತಿಯಿಂದ ಒದ್ದೆ ಮಣ್ಣಿಗೆ ಹರಿಯುತ್ತದೆ, ಹರಿಯುತ್ತಾ ತಾಮ್ರವನ್ನೂ ಕರಗಿಸಿಕೊಂಡು ಹೋಗುತ್ತದೆ. ಎಲೆಕ್ಟ್ರೊಪ್ಲೇಟಿಂಗ್‌ನಲ್ಲಿ ಆನೋಡ್ ಸವೆಯುವ ಹಾಗೆ. ಕೂದಲಿನಷ್ಟು ತೆಳ್ಳಗಿನ ತಂತಿ, ಎಷ್ಟು ದಿನ ತಡೆದೀತು? ಅದಕ್ಕೇ ಪ್ಲಸ್ ತುದಿಯನ್ನು ಭೂಮಿಗೆ ಕಟ್ಟಿದರು. ತಂತಿ ಮೈನಸ್ ಆಯಿತು, ಬದುಕಿಕೊಂಡಿತು. ಸವೆಯೋದಿದ್ದರೆ ಎಕ್ಸ್‌ಚೇಂಜ್ ಹಿತ್ತಿಲಲ್ಲಿ ಹೂತ ಅರ್ಥಿಂಗ್ ಪ್ಲೇಟ್ ಸವೆಯಲಿ, ಅದನ್ನು ಅಗೆದು ಬದಲಾಯಿಸಬಹುದು. ತಾಮ್ರ ಹೋಗಿ ಫೈಬರ್ ಬಂತು, ಗಾಜಿಗೆ ತುಕ್ಕಿನ ಚಿಂತೆ ಇಲ್ಲ. ಆದರೂ ಮೊಬೈಲ್ ಟವರ್ ಕೆಳಗಿನ ಪೆಟ್ಟಿಗೆಯಲ್ಲಿ ಇವತ್ತಿಗೂ ಅದೇ ಮೈನಸ್ 48.

ಮುಂದೆ ಜೆಟಿಒ ಆಗಿ ಅಲ್ಲಿಗೆ ಹೋದಾಗ ಮೀಟರ್ ಹಿಡಿದು ನೋಡಿ, 48 ಅಲ್ಲ, 54ರ ಆಸುಪಾಸು ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ. ಚಾರ್ಜಿನಲ್ಲಿರುವ ಒಂದೊಂದು ಸೆಲ್ಲಿಗೂ 2.25 ವೋಲ್ಟ್ ಕೊಟ್ಟಿರುತ್ತಾರೆ. ಇಂಟು 24 ನೀವೇ ಮಾಡಿ.